ನಿಲ್ದಾಣ ತಲೆ ಮೇಲೆ ಬಂದಾಗಲೇ ದನಿ ಮಾಯ!

ಪ್ರಶ್ನೆ: ತಾರಸಿ ಮೇಲೆ ಎರಡೂವರೆ ಮೀಟರ್ ಉದ್ದದ ಫೈಬರ್ ಕೋಲಿನ ಆಂಟೆನಾ ನಿಲ್ಲಿಸಿದ್ದೇನೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ (ಹವ್ಯಾಸಿ ರೇಡಿಯೋ) ದನಿ, 145.800 ಮೆಗಾಹರ್ಟ್ಸ್‌ನದು, ದೂರದಲ್ಲಿದ್ದಾಗ ಕೇಳುತ್ತದೆ, ಸರಿಯಾಗಿ ತಲೆ ಮೇಲೆ ಬಂದಾಗ ಮಂಕಾಗುತ್ತದೆ. ಇನ್ನೂ ಉದ್ದದ್ದು ಕೊಳ್ಳಲೇ?
— ಓದುಗರು, ಹಾಸನ

ಉತ್ತರ: ಬೇಡ, ದಯವಿಟ್ಟು ಕೊಳ್ಳಬೇಡಿ. ಉದ್ದದ ಆಂಟೆನಾ ಕೊಡುವ ಗೇನ್, ಅಂದರೆ ಸಿಗ್ನಲ್ ಬಲದ ಹೆಚ್ಚಳ, ಎಲ್ಲಿಂದಲೋ ಹೊಸದಾಗಿ ಬರುವ ಶಕ್ತಿಯಲ್ಲ. ಒಂದು ದಿಕ್ಕಿಗೆ ಜಾಸ್ತಿ ಕಿವಿ ಕೊಟ್ಟರೆ ಇನ್ನೊಂದು ದಿಕ್ಕಿಗೆ ಕಮ್ಮಿ, ಅಷ್ಟೇ. ನಿಮ್ಮ ಕೋಲು ಮಾಡಿರುವುದು ಪಕ್ಕದೂರಿನ, ದನಿ ಹಿಡಿದು ಮತ್ತೆ ಬಿತ್ತರಿಸುವ ರಿಪೀಟರ್‌ಗೆ, ಅದು ನೆಲದ ಅಂಚಿನ ಕಡೆಗೇ ಕೇಳಿಸಿಕೊಳ್ಳುತ್ತದೆ, ನೆತ್ತಿಗೆ ಕಿವುಡು. ಕೋಲು ಉದ್ದವಾದಷ್ಟೂ ಇದು ಹೆಚ್ಚುತ್ತದೆ.

ಇನ್ನೊಂದು ಲೆಕ್ಕ ನೋಡಿ. ನಿಲ್ದಾಣ ಬಾನಂಚಿನಲ್ಲಿದ್ದಾಗ ನಿಮ್ಮಿಂದ 2000 ಕಿ.ಮೀ.ಗೂ ಆಚೆ ಇರುತ್ತದೆ, ತಲೆ ಮೇಲೆ ಬಂದಾಗ ಸುಮಾರು 400 ಕಿ.ಮೀ. ಹತ್ತಿರ ಬಂದಾಗ ಸಿಗ್ನಲ್ ತಾನಾಗಿಯೇ ಜೋರಾಗಿರುತ್ತದೆ, ಸಾದಾ ಆಂಟೆನಾನೇ ಸಾಕು. ತಲಾ 49 ಸೆಂ.ಮೀ.ನ ಎರಡು ತಂತಿ ತಗೊಂಡು ಒಂದು ಡೈಪೋಲ್ (ನಡುವೆ ಕೇಬಲ್ ಸೇರುವ ಎರಡು ತೋಳಿನ ಆಂಟೆನಾ) ಮಾಡಿ. ಕೋಳಿ ಬಲೆಯಂಥ ಲೋಹದ ಜಾಲರಿಯ ಮೇಲೆ ಅರ್ಧ ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿ. ದಾಟಿ ಕೆಳಗೆ ಹೋಗುವ ಸಿಗ್ನಲ್ಲನ್ನೂ ಜಾಲರಿ ಮೇಲಕ್ಕೇ ತಿರುಗಿಸುತ್ತದೆ. 2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ಮಕ್ಕಳ ಜೊತೆ ಮಾತಾಡಿದ್ದು ಈ ನಿಲ್ದಾಣದ ಹ್ಯಾಮ್ ರೇಡಿಯೋದಲ್ಲೇ. ಅಂಥ ದನಿ ನಮ್ಮ ತಾರಸಿಯಲ್ಲಿ ಕೇಳುವ ಖುಷಿಗೆ ಸಾವಿರಾರು ರೂಪಾಯಿ ಬೇಕಿಲ್ಲ.

ಪ್ರಶ್ನೆ: ಎಸ್‌ಒ-50 ಎಂಬ ಹ್ಯಾಮ್ ಉಪಗ್ರಹ ಕೈಯಲ್ಲಿ ಹಿಡಿಯುವ ರೇಡಿಯೋ ಹ್ಯಾಂಡ್‌ಸೆಟ್‌ನ ರಬ್ಬರ್ ಆಂಟೆನಾದಲ್ಲಿ ಸಿಗುತ್ತಲೇ ಇಲ್ಲ. ಏನು ಮಾಡಲಿ?
— ಓದುಗರು, ಶಿರಸಿ

ಉತ್ತರ: ಅದು 2002ರಲ್ಲಿ ಹಾರಿದ ಪುಟ್ಟ ಉಪಗ್ರಹ, 436.795 ಮೆಗಾಹರ್ಟ್ಸ್‌ನಲ್ಲಿ ಕಾಲು ವ್ಯಾಟ್ ಮಾತ್ರ ಬಿಡುತ್ತದೆ. ಇದಕ್ಕೆ ಯಾಗಿಯೇ, ಅಂದರೆ ಒಂದೇ ದಿಕ್ಕಿಗೆ ಗುರಿಯಿಡುವ ಅಡ್ಡಕಡ್ಡಿಗಳ ಆಂಟೆನಾನೇ ಬೇಕು. ಪಿವಿಸಿ ಪೈಪು, ಉಕ್ಕಿನ ಅಳತೆ ಟೇಪಿನ ತುಂಡುಗಳಲ್ಲಿ ಮನೆಯಲ್ಲೇ ಮಾಡಬಹುದು. ಕಂಬಕ್ಕೆ ಬಿಗಿಯಬೇಡಿ, ಕೈಯಲ್ಲೇ ಹಿಡಿದು ಉಪಗ್ರಹದ ಹಿಂದೆ ತಿರುಗಿಸಿ. ದಿಕ್ಕು ಸರಿ ಇದ್ದೂ ದನಿ ಇಳಿದರೆ ಮಣಿಕಟ್ಟನ್ನು ಕಾಲು ಸುತ್ತು ತಿರುಗಿಸಿ, ಉಪಗ್ರಹ ಹೊರಳುತ್ತಿರುತ್ತದೆ, ತರಂಗದ ವಾಲಿಕೆಯೂ ಅದರ ಜೊತೆ ಬದಲಾಗುತ್ತದೆ, ಎಷ್ಟೋ ಜನ ಇದು ಗೊತ್ತಿಲ್ಲದೆ ಆಂಟೆನಾ ಕೆಟ್ಟಿದೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ಡಾಪ್ಲರ್ ಇದೆಯಲ್ಲ, ಅಂದರೆ ಉಪಗ್ರಹ ಹತ್ತಿರ ಬರುವಾಗ ಆವರ್ತನ ಏರಿದಂತೆ, ದೂರ ಹೋಗುವಾಗ ಇಳಿದಂತೆ ಕಾಣುವುದು, ಶುರುವಿನಲ್ಲಿ 436.805ಕ್ಕೆ ಇಟ್ಟು ಹೋಗ್ತಾ ಹೋಗ್ತಾ 436.785ರವರೆಗೆ ಇಳಿಸಿ.

ಕೇಬಲ್ ಆದಷ್ಟೂ ಗಿಡ್ಡ ಇರಲಿ. ತೆಳು ಆರ್‌ಜಿ-58 ಹತ್ತು ಮೀಟರ್ ಎಳೆದರೆ ಈ ಬ್ಯಾಂಡಿನಲ್ಲಿ ಅರ್ಧ ಸಿಗ್ನಲ್ ದಾರಿಯಲ್ಲೇ ಹೋಗುತ್ತದೆ. ಬರೀ ಕೇಳುವುದಕ್ಕಾದರೆ ಡಿಶ್ ಟಿವಿಯ ಆರ್‌ಜಿ-6 ಎಷ್ಟೋ ವಾಸಿ. ತಿರುಗಿ ಮಾತಾಡಬೇಕು ಅಂದರೆ ಹ್ಯಾಮ್ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಲೇಬೇಕು.

ಪ್ರಶ್ನೆ: ಹಳೆಯ ಟಿವಿ ಡಿಶ್ ಇದೆ. ಹ್ಯಾಮ್ ಕೆಲಸಕ್ಕೆ ಬರುತ್ತದಾ?
— ಓದುಗರು, ತುಮಕೂರು

ಉತ್ತರ: ಖಂಡಿತ. ಕ್ಯೂಒ-100 ಅಂತ ಒಂದು ಹ್ಯಾಮ್ ಉಪಗ್ರಹವಿದೆ, ಪೂರ್ವ ರೇಖಾಂಶ 25.9 ಡಿಗ್ರಿಯಲ್ಲಿ ಕದಲದೆ ನಿಂತಿದೆ. ಇಲ್ಲಿಂದ ಪಶ್ಚಿಮಕ್ಕೆ, ನೆಲದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಅದು ಕೆಳಕ್ಕೆ ಕಳಿಸುವುದು 10489 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಹಾಗಾಗಿ ಡಿಶ್ಶು, ಅದರ ಮುಂದಿನ ಎಲ್‌ಎನ್‌ಬಿ (ಸಿಗ್ನಲ್ ಹಿಡಿಯುವ ಡಬ್ಬಿ), ಕಂಪ್ಯೂಟರ್‌ಗೆ ಚುಚ್ಚುವ ಒಂದು ಎಸ್‌ಡಿಆರ್ ಡಾಂಗಲ್ (ಪುಟ್ಟ ರೇಡಿಯೋ ರಿಸೀವರ್) ಇದ್ದರೆ ಆಯಿತು. ಒಮ್ಮೆ ಗುರಿ ಕೂಡಿಸಿದರೆ ದಿನವಿಡೀ ಕೇಳಬಹುದು, ಪಶ್ಚಿಮಕ್ಕೆ ತೆಂಗಿನ ಮರ ಅಡ್ಡ ಇದೆಯಾ ಅಂತ ಮೊದಲು ನೋಡಿಕೊಳ್ಳಿ.