ತಮಿಳುನಾಡಿನ ಹಳ್ಳಿಗಳ ಹೊರಗೆ ಸಾಲು ಸಾಲು ಮಣ್ಣಿನ ಕುದುರೆಗಳು ಯಾಕಿವೆ?

ಅವು ಅಯ್ಯನಾರ್ ದೇವರಿಗೆ ಊರವರು ಒಪ್ಪಿಸಿದ ಹರಕೆ. ಅಯ್ಯನಾರ್ ಊರು ಕಾಯುವ ದೇವರು, ರಾತ್ರಿ ಕುದುರೆ ಏರಿ ಎಲ್ಲೆ ಸುತ್ತುತ್ತಾನೆ ಅನ್ನೋದು ನಂಬಿಕೆ. ಅದಕ್ಕೇ ಗುಡಿ ಊರಂಚಿನಲ್ಲಿ, ಹೆಚ್ಚಾಗಿ ಕೆರೆ ಪಕ್ಕದಲ್ಲಿ ಇರುತ್ತದೆ. ಪುದುಕ್ಕೋಟ್ಟೈ, ಶಿವಗಂಗೈ ಕಡೆ ಇಂಥ ಗುಡಿಗಳು ಜಾಸ್ತಿ.

ಕುದುರೆ ಮಾಡುವವರು ವೇಳಾರ್ ಎಂಬ ಕುಂಬಾರರು. ಎಷ್ಟೋ ಕಡೆ ಪೂಜಾರಿಗಳೂ ಅವರೇ. ಜೇಡಿಮಣ್ಣಿಗೆ ಮರಳು, ಭತ್ತದ ಹೊಟ್ಟು ಕಲಸಿ, ಮೊದಲು ಕೊಳವೆಯಂಥ ನಾಲ್ಕು ಕಾಲು ನಿಲ್ಲಿಸುತ್ತಾರೆ. ಅದರ ಮೇಲೆ ಟೊಳ್ಳು ಮೈ ಕಟ್ಟುತ್ತಾ ಹೋಗುತ್ತಾರೆ. ಸುಟ್ಟ ಮೇಲೆ, 'ಪುರವಿ ಎಡುಪ್ಪು' ಹಬ್ಬದ ದಿನ ಜನ ಹೆಗಲ ಮೇಲೆ ಹೊತ್ತು ಗುಡಿಗೆ ತರುತ್ತಾರೆ. ಕಣ್ಣು ಬರೆದ ಮೇಲೇ ಅದಕ್ಕೆ ಜೀವ ಬಂತು ಅಂತ ಲೆಕ್ಕ.

ಹಳೇ ಕುದುರೆಗಳನ್ನು ಸರಿಮಾಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಮಳೆ ಬಿಸಿಲಿಗೆ ಒಡೆದು ಮಣ್ಣು ಸೇರಲು ಬಿಡುತ್ತಾರೆ, ಮುಂದಿನ ಹಬ್ಬಕ್ಕೆ ಹೊಸದು ಬರುತ್ತದೆ. ಕುಂಬಾರರ ಕಸುಬು ಉಳಿದಿರುವುದೇ ಹೀಗೆ ಅಲ್ವಾ? ಈಗೀಗ ಸಿಮೆಂಟಿನ ಕುದುರೆಗಳು ಬರುತ್ತಿರುವುದು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಅಯ್ಯನಾರ್‌ಗೆ ಮಾಂಸದ ಎಡೆ ಇಲ್ಲ. ಅದೇ ಗುಡಿಯಲ್ಲಿ ಪಕ್ಕದಲ್ಲಿರುವ ಕಾವಲು ದೇವರು ಕರುಪ್ಪಸಾಮಿಗೆ ಆಡು, ಕೋಳಿ ಬಲಿ ಕೊಡುವಾಗ ಎಷ್ಟೋ ಗುಡಿಗಳಲ್ಲಿ ಅಯ್ಯನಾರ್ ಮುಂದೆ ಪರದೆ ಎಳೆಯುತ್ತಾರೆ.