ಬಾಗಿಲು ತೆಗೆದಿಟ್ಟು ಒಗ್ಗರಣೆ ಹಾಕಬೇಡಿ: ಇಂಗ್ಲೆಂಡ್‌ನಲ್ಲಿ ಓದುವವರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ‘ಸೀನಿಯರ್ ಹೀಗೆ ಹೇಳಿದ್ರು, ನಿಜಾನಾ?’ ಅನ್ನುವಂಥವೇ. ಸೀನಿಯರ್‌ಗಳ ಮೇಲೆ ನನಗೇನೂ ಕೋಪವಿಲ್ಲ, ನಾನೂ ಅವರನ್ನು ಕೇಳಿಕೊಂಡೇ ಬಂದವನು. ಆದರೆ ಅಡುಗೆ ವಿಷಯದಲ್ಲಿ ಅವರನ್ನು ನಂಬಿ, ವೀಸಾ ವಿಷಯದಲ್ಲಿ ಬೇಡ.

ಮಗ ಎಂಎಸ್ಸಿ ಓದಲು ಲೆಸ್ಟರ್‌ಗೆ ಹೊರಟಿದ್ದಾನೆ. ಕುಕ್ಕರ್, ತುಪ್ಪ, ಅಕ್ಕಿ ಎಲ್ಲ ಕಟ್ಟಿಕೊಡಬೇಕಾ? ಹಾಸ್ಟೆಲ್‌ನಲ್ಲಿ ಒಗ್ಗರಣೆ ಹಾಕಿದರೆ ಅಲಾರಂ ಹೊಡೆಯುತ್ತಂತೆ, ಹೌದಾ?
– ಒಬ್ಬ ತಾಯಿ, ದಾವಣಗೆರೆ

ಹೊಡೆಯುತ್ತದೆ ಅಮ್ಮಾ, ಚೆನ್ನಾಗಿಯೇ ಹೊಡೆಯುತ್ತದೆ. ನಾನು ಇಂಗ್ಲೆಂಡ್‌ಗೆ ಓದಲು ಹೋದ ವರ್ಷ ನವೆಂಬರ್‌ನಲ್ಲಿ ಒಂದು ದಿನ ರಾತ್ರಿ ಹನ್ನೊಂದಕ್ಕೆ ಚಿತ್ರಾನ್ನಕ್ಕೆ ಒಗ್ಗರಣೆ ಇಟ್ಟೆ. ಮೆಣಸಿನಕಾಯಿ ಘಾಟು ಹೋಗಲಿ ಅಂತ ಅಡುಗೆಮನೆ ಬಾಗಿಲು ತೆಗೆದೆ. ಅಲ್ಲೇ ಎಡವಿದ್ದು. ಸಾಮಾನ್ಯವಾಗಿ ಅಡುಗೆಮನೆ ಒಳಗಿರುವುದು ಬಿಸಿಗೆ ಕೂಗುವ ಅಲಾರಂ, ಹೊರಗೆ ಕಾರಿಡಾರ್‌ನಲ್ಲಿರುವುದು ಹೊಗೆಗೆ ಕೂಗುವಂಥದ್ದು. ಇಡೀ ಕಟ್ಟಡದ ಹುಡುಗರು ಚಡ್ಡಿ, ಟವೆಲ್‌ನಲ್ಲೇ ಕೆಳಗಿಳಿದು ಚಳಿಯಲ್ಲಿ ನಡುಗುತ್ತಾ ನಿಂತರು. ನನ್ನ ಕೈಯಲ್ಲಿ ಸೌಟು ಹಾಗೇ ಇತ್ತು, ಯಾರು ಮಾಡಿದ್ದು ಅಂತ ಯಾರೂ ಕೇಳಬೇಕಾಗಿರಲಿಲ್ಲ.

ಮಗನಿಗೆ ಇಷ್ಟು ಹೇಳಿ: ಬಾಗಿಲು ಮುಚ್ಚಬೇಕು, ಕಿಟಕಿ ತೆಗೆಯಬೇಕು, ಒಲೆ ಮೇಲಿನ ಫ್ಯಾನ್ ಹಾಕಬೇಕು. ಅಲಾರಂಗೆ ಪ್ಲಾಸ್ಟಿಕ್ ಕವರ್ ಕಟ್ಟುವ ‘ಐಡಿಯಾ’ ಯಾರಾದರೂ ಕೊಟ್ಟರೆ ಬೇಡವೇ ಬೇಡ, ದಂಡ ಬೀಳುತ್ತದೆ.

ಕುಕ್ಕರ್ ಕೊಡಿ, ಆದರೆ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಇಂಡಕ್ಷನ್ ಒಲೆ ಮೇಲೆ ಅದು ಬಿಸಿಯೇ ಆಗುವುದಿಲ್ಲ, ಸುಮ್ನೆ ಎರಡು ಕೆಜಿ ಭಾರ. ತುಪ್ಪ, ಧಾರವಾಡ ಪೇಡ ಬೇಡ. ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಬಿಡುವುದಿಲ್ಲ. ಅಕ್ಕಿಯೂ ಬೇಡ. ಲೆಸ್ಟರ್‌ನ ಬೆಲ್‌ಗ್ರೇವ್ ರೋಡ್‌ಗೆ ಹೋದರೆ ಗುಜರಾತಿಗಳ ಅಂಗಡಿ ಸಾಲೇ ಇದೆ, ಅಕ್ಕಿ ಬೇಳೆಗೆ ಯೋಚನೆಯೇ ಇಲ್ಲ. ಪೆಟ್ಟಿಗೆಯಲ್ಲಿ ಉಳಿದ ಜಾಗಕ್ಕೆ ಸಾರಿನಪುಡಿ, ಶೇಂಗಾ ಚಟ್ನಿಪುಡಿ ಜಾಸ್ತಿ ಹಾಕಿ. ಅವನಿಗೆ ಅಲ್ಲಿ ಸಿಗದೇ ಇರುವುದು ನಿಮ್ಮ ಕೈಯ ಪುಡಿ ಮಾತ್ರ.

ವಾರಕ್ಕೆ 20 ಗಂಟೆ ಕೆಲಸ ಅಂದರೆ ಸರಾಸರಿ ಅಲ್ವಾ? ಒಂದು ವಾರ 12, ಮುಂದಿನ ವಾರ 28 ಮಾಡಿದರೆ ಸರಿಹೋಗುತ್ತದೆ ಎಂದು ಸೀನಿಯರ್ ಹೇಳಿದರು. ಫ್ರೆಂಡ್ ಅಕೌಂಟ್‌ನಲ್ಲಿ ಫುಡ್ ಡೆಲಿವರಿ ಮಾಡಬಹುದಾ?
– ವಿದ್ಯಾರ್ಥಿ, ಕವೆಂಟ್ರಿ

ಎರಡಕ್ಕೂ ಇಲ್ಲ. ಇದನ್ನು ನಾನು ಮೆತ್ತಗೆ ಹೇಳುವುದಿಲ್ಲ.

ಡಿಗ್ರಿ, ಮಾಸ್ಟರ್ಸ್ ಓದುವವರಿಗೆ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ. ವಾರ ಅಂದರೆ ಸೋಮವಾರದಿಂದ ಭಾನುವಾರ. ಸರಾಸರಿ ಲೆಕ್ಕ ಇಲ್ಲವೇ ಇಲ್ಲ. ಎರಡು ಕಡೆ ಕೆಲಸ ಮಾಡಿದರೆ ಎರಡೂ ಸೇರಿ 20, ಸಂಬಳವಿಲ್ಲದ ಕೆಲಸವೂ ಅದರಲ್ಲೇ ಸೇರಬಹುದು. ಆ್ಯಪ್‌ನ ಡೆಲಿವರಿ ಕೆಲಸ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುತ್ತದೆ, ಸ್ಟೂಡೆಂಟ್ ವೀಸಾದಲ್ಲಿ ಅದು ಒಂದು ಗಂಟೆಯೂ ಕೂಡದು. ಬೇರೆಯವರ ಅಕೌಂಟ್ ಬಾಡಿಗೆಗೆ ತಗೊಂಡರೆ ಸಿಕ್ಕಿಬೀಳುವವರು ಇಬ್ಬರು, ಅಷ್ಟೇ.

ಇನ್ನೊಂದು ವಿಷಯ, ನೀವು ಕೇಳಿಲ್ಲ ಆದರೂ ಹೇಳುತ್ತೇನೆ. ಮಾಸ್ಟರ್ಸ್ ಮಾಡುವವರು ಬೇಸಿಗೆ ಅಂದರೆ ರಜೆ ಅಂದುಕೊಂಡು ಫುಲ್‌ಟೈಮ್ ಕೆಲಸಕ್ಕೆ ಸೇರಿಬಿಡುತ್ತಾರೆ, ಆದರೆ ಅದು ಡಿಸರ್ಟೇಶನ್ (ಕೋರ್ಸ್‌ನ ಕೊನೆಯ ದೊಡ್ಡ ಪ್ರಬಂಧ) ಬರೆಯುವ ಸಮಯ, ಹೆಚ್ಚಿನ ಕಡೆ ಅದನ್ನು ರಜೆ ಎಂದು ಲೆಕ್ಕ ಹಾಕುವುದಿಲ್ಲ. ನಿಮ್ಮ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸ್‌ಗೆ ಮೇಲ್ ಹಾಕಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ. ‘ಕೈಗೆ ಕ್ಯಾಶ್ ಕೊಡ್ತೀನಿ, ಗಂಟೆಗೆ 6 ಪೌಂಡ್’ ಅನ್ನುವವರ ಹತ್ತಿರವೂ ಹೋಗಬೇಡಿ. 2026ರ ಏಪ್ರಿಲ್‌ನಿಂದ 21 ತುಂಬಿದವರಿಗೆ ಕನಿಷ್ಠ ಕೂಲಿ ಗಂಟೆಗೆ 12.71 ಪೌಂಡ್.

ಬಿಇಯಲ್ಲಿ ಯಾವಾಗಲೂ 80ರ ಮೇಲೆ ತೆಗೆದವಳು. ಇಲ್ಲಿ ಮೊದಲ ಅಸೈನ್‌ಮೆಂಟ್‌ಗೆ 62 ಬಂತು. ಮನೆಯಲ್ಲಿ ಹೇಳಲು ನಾಚಿಕೆ.
– ವಿದ್ಯಾರ್ಥಿನಿ, ಲೀಡ್ಸ್

ಧಾರಾಳವಾಗಿ ಹೇಳಿ! ಅಲ್ಲಿ ಮಾಸ್ಟರ್ಸ್‌ಗೆ 50 ಬಂದರೆ ಪಾಸ್, 60 ಮೆರಿಟ್, 70 ಮುಟ್ಟಿದರೆ ಡಿಸ್ಟಿಂಕ್ಷನ್. 62 ಅಂದರೆ ನಮ್ಮ ಕಡೆಯ ಫಸ್ಟ್ ಕ್ಲಾಸ್‌ಗಿಂತ ಕಮ್ಮಿಯಲ್ಲ. ಅಂಕಕ್ಕಿಂತ ಜೊತೆಗೆ ಬಂದ ಫೀಡ್‌ಬ್ಯಾಕ್ ಓದಿ. ‘ವಿವರಣೆ ಜಾಸ್ತಿ, ವಿಮರ್ಶೆ ಕಮ್ಮಿ’ ಎಂಬ ಅರ್ಥದ ಮಾತು ಇದ್ದೇ ಇರುತ್ತದೆ, ನಾವು ನೋಟ್ಸ್ ನೋಡಿ ಬರೆದು ಬೆಳೆದವರು ನೋಡಿ. ಮೇಷ್ಟ್ರನ್ನು ಹೆಸರು ಹಿಡಿದು ಕರೆಯಲು ಬಾಯಿ ಬರದಿದ್ದರೂ ಅವರ ‘ಆಫೀಸ್ ಅವರ್’ಗೆ (ವಿದ್ಯಾರ್ಥಿಗಳು ಬಂದು ಮಾತಾಡಲೆಂದೇ ಇಟ್ಟ ಸಮಯ) ಹೋಗಿ ‘70 ಬರಲು ಏನು ಬೇಕಿತ್ತು?’ ಅಂತ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಜ್ವರ ಬಂದರೆ ಡಾಕ್ಟರ್‌ಗೆ ಎಷ್ಟು ದುಡ್ಡು? ಸಂಜೆ ಕತ್ತಲಾಗುತ್ತಲೇ ಒಂಥರಾ ಆಗುತ್ತದೆ, ಅಮ್ಮನಿಗೆ ಫೋನ್ ಮಾಡಿದರೆ ಅಳು ಬರುತ್ತದೆ.
– ವಿದ್ಯಾರ್ಥಿ, ಶೆಫೀಲ್ಡ್

ಡಾಕ್ಟರ್‌ಗೆ ನೀವು ಆಗಲೇ ಕೊಟ್ಟಾಗಿದೆ. ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಕಟ್ಟಿದಿರಲ್ಲ, ಅದು ಇದಕ್ಕೇ. ಹುಷಾರಾಗಿರುವಾಗಲೇ ಹತ್ತಿರದ ಜಿಪಿಯಲ್ಲಿ (ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ್ ಥರದವರ ಕ್ಲಿನಿಕ್‌ನಲ್ಲಿ) ಹೆಸರು ಬರೆಸಿ. ತೀರಾ ತುರ್ತಲ್ಲದಿದ್ದರೆ 111ಕ್ಕೆ, ಪ್ರಾಣದ ವಿಷಯವಾದರೆ 999ಕ್ಕೆ ಫೋನ್ ಮಾಡಿ. ಮಾತ್ರೆಗೆ ಮತ್ತು ಹಲ್ಲಿಗೆ ದುಡ್ಡು ಬೇರೆ.

ಕತ್ತಲೆ ವಿಷಯ ಸಣ್ಣದಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಡಿಸೆಂಬರ್‌ಗೆ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಇರುವುದಿಲ್ಲ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳುವ ಬಗ್ಗೆ ಯೋಚಿಸಿ ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಎಲ್ಲರಿಗೂ ಹೇಳುತ್ತದೆ. ಮಧ್ಯಾಹ್ನ ಬೆಳಕಿದ್ದಾಗ ಅರ್ಧ ಗಂಟೆ ನಡೆಯಿರಿ. ಎರಡು ವಾರವಾದರೂ ಹೀಗೇ ಇದ್ದರೆ ಯೂನಿವರ್ಸಿಟಿಯ ಕೌನ್ಸೆಲಿಂಗ್‌ಗೆ ಹೋಗಿ, ದುಡ್ಡು ಕೊಡಬೇಕಿಲ್ಲ.

ಫೋನ್ ಮಾಡುವ ಹೊತ್ತು ಬದಲಿಸಿ. ಚಳಿಗಾಲದಲ್ಲಿ ಊರಿಗೂ ಅಲ್ಲಿಗೂ ಐದೂವರೆ ಗಂಟೆ ಅಂತರ. ನಿಮಗೆ ಸಂಜೆ ಆರಾದಾಗ ಅಮ್ಮನಿಗೆ ರಾತ್ರಿ ಹನ್ನೊಂದೂವರೆ, ನಿದ್ದೆಗಣ್ಣಲ್ಲಿ ‘ಊಟ ಆಯ್ತಾ’ ಅಂದರೆ ಯಾರಿಗಾದರೂ ಅಳು ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಮಾಡಿ. ಊರಲ್ಲಿ ಮಧ್ಯಾಹ್ನ ಒಂದೂವರೆ, ಕುಕ್ಕರ್ ಇಳಿಸಿ ತಟ್ಟೆ ಹಾಕುವ ಹೊತ್ತು, ಪಕ್ಕದ ಮನೆ ಸುದ್ದಿ ಸಮೇತ ಮಾತಾಡುತ್ತಾರೆ.