ಸುಟ್ಟ ಮಾಂಸ ಬಿಟ್ಟರೆ ಕೊರಿಯನ್ ಊಟದಲ್ಲಿ ಏನೇನು ತಿನ್ನಬಹುದು?

ಕೊರಿಯಾದ ಮನೆಗಳ ದಿನನಿತ್ಯದ ಊಟ ಅಂದರೆ ಅನ್ನ, ಸಾರು, ಕಿಮ್ಚಿ (ಹುದುಗಿಸಿದ ತರಕಾರಿ), ಜೊತೆಗೆ ಬಾಂಚಾನ್ ಎನ್ನುವ ಸಣ್ಣ ಸಣ್ಣ ಪಲ್ಯಗಳು. ಮೊದಲು ದ್ವೆಂಜಾಂಗ್ ಜಿಗೆ ತಿಂದು ನೋಡಿ. ಹುದುಗಿಸಿದ ಸೋಯಾ ಕಾಳಿನ ಪೇಸ್ಟನ್ನು ನೀರಿನಲ್ಲಿ ಕದಡಿ, ತೋಫು (ಸೋಯಾ ಹಾಲಿನ ಪನೀರ್), ತರಕಾರಿ, ಅಣಬೆ ಹಾಕಿ ಕುದಿಸುತ್ತಾರೆ. ವಾಸನೆ ಸ್ವಲ್ಪ ಜೋರು. ಆದರೆ ಬಿಸಿ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಖಾರ ಜಾಸ್ತಿ ಬೇಕಾ? ಸುಂದುಬು ಜಿಗೆ ತರಿಸಿ. ಮೆತ್ತನೆಯ ತೋಫು, ಮೆಣಸಿನ ಪುಡಿ, ಮೇಲೊಂದು ಹಸಿ ಮೊಟ್ಟೆ; ಮಣ್ಣಿನ ಕುಡಿಕೆಯಲ್ಲಿ ಕುದಿಯುತ್ತಲೇ ಬರುತ್ತದೆ. ಬೇಸಿಗೆಗೆ ನೆಂಗ್‌ಮ್ಯೊನ್, ಅಂದರೆ ತಣ್ಣನೆಯ ಸಾರಿನ ನೂಡಲ್ಸ್.

ಸಸ್ಯಾಹಾರಿಗಳು ಕೇಳಿಯೇ ತಿನ್ನಿ. ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪು ಸೀಗಡಿ ಹಾಕುತ್ತಾರೆ, ಸಾರಿಗೆ ಒಣಮೀನು. ಅಲ್ಲಿನ ಬೌದ್ಧ ಮಠಗಳ ಅಡುಗೆಯಲ್ಲಿ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ.